ಹರಳೆಣ್ಣೆ ಹಚ್ಚಿದ ಪುಸ್ತಕ

ಮೊನ್ನೆ ಅಂಗಡಿಯಿಂದ ತಂದ ತೊಗರಿಬೇಳೆಯನ್ನು ಡಬ್ಬಿಗೆ ಸುರಿಯುವ ಮೊದಲು ಒಂದು ಹಿಡಿ ಎತ್ತಿ ಮೂಸಿ ನೋಡಿದೆ. ಇದು ನನ್ನ ಹಳೆಯ ಚಾಳಿ. ಸೊಸೆ ನೋಡಿ ನಕ್ಕಳು. "ಬೇಳೇಲಿ ಏನತ್ತೆ ವಾಸನೆ ಇರುತ್ತೆ?" ಎಂದಳು. ಏನೂ ಇರಲಿಲ್ಲ, ಅದೇ ನನ್ನ ದೂರು. ನಮ್ಮ ಕಾಲದ ಬೇಳೆಗೆ ಹರಳೆಣ್ಣೆಯ ವಾಸನೆ ಇರುತ್ತಿತ್ತು. ವರ್ಷಕ್ಕಾಗುವಷ್ಟು ಬೇಳೆಯನ್ನು ಬಿಸಿಲಿಗೆ ಹರವಿ, ಅಂಗೈಗೆ ಎಣ್ಣೆ ಸವರಿಕೊಂಡು, ಮೆಲ್ಲಗೆ ಉಜ್ಜಿ ಗಡಿಗೆಗೆ ತುಂಬಿಟ್ಟರೆ ಒಂದು ಹುಳುವೂ ಹತ್ತಿರ ಸುಳಿಯುತ್ತಿರಲಿಲ್ಲ. ಆ ವಾಸನೆ ಬಂದರೆ ಬೇರೆಯವರಿಗೆ ಸಾರು ನೆನಪಾಗುತ್ತದೋ ಏನೋ, ನನಗೆ ಪುಸ್ತಕ ನೆನಪಾಗುತ್ತದೆ. ನಗಬೇಡಿ. ನಗಲೇಬೇಕೆಂದಿದ್ದರೆ ಪೂರ್ತಿ ಕೇಳಿ ಆಮೇಲೆ ನಗಿ.

ನನ್ನ ಮಾವನವರು ಮುಳಬಾಗಿಲಿನ ವಾಚನಾಲಯದಲ್ಲಿ ಲೈಬ್ರೇರಿಯನ್ ಆಗಿದ್ದರು. ಊರವರೆಲ್ಲ 'ಬುಕ್ಕು ಮೇಷ್ಟ್ರು' ಎನ್ನುತ್ತಿದ್ದರು. ವಾಚನಾಲಯವೆಂದರೆ ದೊಡ್ಡದೇನಲ್ಲ, ಎರಡು ಬೀರು, ಎರಡು ಬೆಂಚು, ಒಂದು ದಿನ ತಡವಾಗಿ ಬರುವ ಪತ್ರಿಕೆ. ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಜನ ಅಲ್ಲಿಗೆ ಹೋಗುತ್ತಿದ್ದದ್ದು ಯಾವ ಊರಿನ ಮೇಲೆ ಬಾಂಬು ಬಿತ್ತು ಎಂದು ತಿಳಿಯುವುದಕ್ಕೆ. ಅಸಲು ಲೈಬ್ರರಿ ಇದ್ದದ್ದು ನಮ್ಮ ಮನೆಯಲ್ಲಿ.

ನಾನು ನಂಗಲಿಯಿಂದಾಚೆಯ ತೆಲುಗು ಹಳ್ಳಿಯವಳು. ಹದಿನಾರು ತುಂಬಿದ ಮೇಲೆ ಮದುವೆಯಾಗಿ ಈ ಮನೆಗೆ ಬಂದೆ. ನನ್ನ ಯಜಮಾನರಿಗೆ ಚಿನ್ನದ ಗಣಿಯ ಕಡೆ ಕೆಲಸ, ಊರಿಗೆ ಬರುತ್ತಿದ್ದದ್ದು ವಾರಕ್ಕೊಮ್ಮೆ. ಹೊಸ ಮದುವಣಗಿತ್ತಿ ತಲೆ ತಗ್ಗಿಸಿಕೊಂಡೇ ಹೊಸ್ತಿಲು ದಾಟಬೇಕಲ್ಲ, ಹಾಗೆ ದಾಟಿದ ನನಗೆ ಮೊದಲು ಕಂಡದ್ದು ನೆಂಟರ ಪಾದಗಳಲ್ಲ, ಗೋಡೆಯುದ್ದಕ್ಕೂ ಮೊಣಕಾಲೆತ್ತರ ಪೇರಿಸಿಟ್ಟ ಪುಸ್ತಕಗಳು. ಉಪ್ಪಿಗೆಂದು ಉಗ್ರಾಣಕ್ಕೆ ಹೋದರೆ ಅಲ್ಲೂ ಪುಸ್ತಕ. ಅಟ್ಟದ ಮೇಲೆ, ದೀಪದ ಗೂಡಿನಲ್ಲಿ, ಮಂಚದ ಕೆಳಗೆ, ಕೋಳಿಗಳನ್ನು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೋಳಿಗೂಡಿನಲ್ಲೂ ಪುಸ್ತಕ. ನಾನು ಅತ್ತೆಯನ್ನು ಮೆಲ್ಲಗೆ ಕೇಳಿದೆ, "ಮಾವನೋರದು ಪುಸ್ತಕದ ಯಾಪಾರವಾ ಅತ್ತೆ?"

"ಯಾಪಾರ ಆಗಿದ್ರೆ ಒಂದಾದ್ರೂ ಹೊರಗೆ ಹೋಗ್ತಿತ್ತು ಕಣೇ. ಇವು ಬರೋದೇ, ಹೋಗೋದಿಲ್ಲ," ಎಂದರು ಅತ್ತೆ.

ಎಲ್ಲಿಂದ ಬರುತ್ತಿದ್ದವು ಎಂದು ಕೇಳಿದರೆ ಅದೇ ಒಂದು ಕಥೆ. ಕೋಲಾರದ ಸಂತೆಯಲ್ಲಿ ಹಳೆ ಕಬ್ಬಿಣ ಮಾರುವವರ ಗೋಣಿತಟ್ಟಿನ ಮೇಲಿಂದ. ಮಾಲೂರು ಸ್ಟೇಷನ್ನಿನಲ್ಲಿ ಯಾರೋ ಬಿಟ್ಟುಹೋದದ್ದನ್ನು ಎತ್ತಿಟ್ಟಿರುತ್ತಿದ್ದ ಪೋರ್ಟರನಿಂದ. ಎಲ್ಲಕ್ಕಿಂತ ಹೆಚ್ಚಾಗಿ ಶ್ರೀನಿವಾಸಪುರದಿಂದ. ಅಲ್ಲಿ ಮಾವಿನಹಣ್ಣು ಸುತ್ತುವುದಕ್ಕೆ ಮಂಡಿಯವರು ರದ್ದಿ ಕಾಗದ ತರಿಸುತ್ತಿದ್ದರು. ಸುಗ್ಗಿ ಬಂತೆಂದರೆ ನಮ್ಮ ಮಾವನವರು ಬಸ್ಸು ಹತ್ತಿ ಹೋಗಿ, ಹಣ್ಣಿನ ರಾಶಿಯನ್ನು ತಿರುಗಿಯೂ ನೋಡದೆ ರದ್ದಿಯ ರಾಶಿಯ ಪಕ್ಕ ಕೂರುತ್ತಿದ್ದರು. ಊರವರೆಲ್ಲ ಅಲ್ಲಿಂದ ಹಣ್ಣಿನ ಬುಟ್ಟಿ ತಂದರೆ ನಮ್ಮ ಮನೆಗೆ ಬರುತ್ತಿದ್ದದ್ದು ಹಣ್ಣಿನ ವಾಸನೆಯ ಕಾಗದ. ಅತ್ತೆ ಒಂದು ವರ್ಷವಾದರೂ ಬೈಯದೆ ಬಿಟ್ಟವರಲ್ಲ.

ಇನ್ನು ಏನು ಓದುತ್ತಿದ್ದರು ಎಂದರೆ, ಏನು ಓದುತ್ತಿರಲಿಲ್ಲ ಎಂದು ಕೇಳುವುದು ಸುಲಭ. ಆನೆಗೆ ಬರುವ ರೋಗಗಳು. ಗಡಿಯಾರ ರಿಪೇರಿ. ಅವರೆಂದೂ ಹತ್ತದ ರೈಲುಗಳ ವೇಳಾಪಟ್ಟಿ. ಸಮುದ್ರವನ್ನೇ ಕಾಣದ ಮನುಷ್ಯ ದೀಪಸ್ತಂಭ ಕಟ್ಟುವ ವಿಧಾನವನ್ನು ಎರಡು ಸಲ ಓದಿದ್ದರು. ಜೇನು ಸಾಕುವುದು, ಬಾವಿ ತೋಡುವುದು, ಮೈಮುರಿಯುವ ಕಸರತ್ತು, ವೇದಾಂತ, ಪತ್ತೇದಾರಿ ಕಥೆ, ತೆಲುಗಿನ ಪದ್ಯ, ತಮಿಳಿನ ಮದ್ದು, ಒಂದು ಅಕ್ಷರವೂ ಬಾರದ ಉರ್ದುವಿನ ಎರಡು ಪುಸ್ತಕ. "ಓದೋಕೆ ಬರೋದಿಲ್ಲವಲ್ಲ ಮಾವ, ಮತ್ಯಾಕೆ?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಕಲಿಯೋಕೆ ಮನಸ್ಸು ಬಂದ ದಿನ ಪುಸ್ತಕ ಹುಡುಕ್ಕೊಂಡು ಹೋಗೋದು ಬೇಡ ಅಂತ," ಎಂದರು. ನಮ್ಮಪ್ಪನ ಮನೆಯಲ್ಲಿದ್ದದ್ದು ಒಂದು ಪಂಚಾಂಗ, ಒಂದು ತೆಲುಗು ಬಾಲಬೋಧೆ. ಒಬ್ಬ ಮನುಷ್ಯನ ತಲೆಯೊಳಗೆ ಇಷ್ಟೆಲ್ಲ ಹಿಡಿಸುತ್ತದೆ ಎನ್ನುವುದೇ ನನಗೆ ನಂಬಲಾಗದ ಸಂಗತಿಯಾಗಿತ್ತು. ಅವರು ಊಟಕ್ಕೆ ಕೂತಾಗ ಮುದ್ದೆ ಬಡಿಸುತ್ತ ಅವರ ಹಣೆಯನ್ನೇ ನೋಡುತ್ತಿದ್ದೆ.

ಈ ಪುಸ್ತಕಗಳನ್ನು ಅವರೇ ಹೊಲಿಯುತ್ತಿದ್ದರು. ದಬ್ಬಳ, ಹುರಿದಾರ, ರಟ್ಟು, ಹುಳು ಹತ್ತದಂತೆ ಮೈಲುತುತ್ತ ಬೆರೆಸಿದ ಮೈದಾ ಅಂಟು, ಇಷ್ಟು ಇಟ್ಟುಕೊಂಡು ಭಾನುವಾರ ಜಗುಲಿಯ ಮೇಲೆ ಕೂತರೆಂದರೆ ಮುಗಿಯಿತು. ರಟ್ಟು ಸಿಗುವುದು ಕಷ್ಟವಾದ್ದರಿಂದ ಮೂರು ನಾಲ್ಕು ತೆಳು ಪುಸ್ತಕಗಳನ್ನು ಸೇರಿಸಿ ಒಂದೇ ರಟ್ಟು ಹಾಕುತ್ತಿದ್ದರು. ಸೇರಿಸುವುದಕ್ಕೆ ವಿಷಯ ನೋಡುತ್ತಿರಲಿಲ್ಲ, ಅಳತೆ ನೋಡುತ್ತಿದ್ದರು. ಉದ್ದಗಲ ಸರಿಹೋದರೆ ಸಾಕು, ವೇದಾಂತದ ಬೆನ್ನಿಗೆ ಆನೆಯ ರೋಗ, ಆನೆಯ ರೋಗದ ಬೆನ್ನಿಗೆ ಕೊಲೆಯ ಪತ್ತೇದಾರಿಕೆ. ಕೊಲೆ ಮಾಡಿದವರು ಯಾರೆಂದು ತಿಳಿಯಲು ಆತುರದಿಂದ ಹಾಳೆ ತಿರುವಿದರೆ ಜೀವಾತ್ಮ ಪರಮಾತ್ಮ ಎದುರಾಗುತ್ತಿದ್ದರು.

ಹೀಗೆ ಹೊಲಿದ ಒಂದು ಸಣ್ಣ ಪುಸ್ತಕಕ್ಕೆ ನಮ್ಮ ಮನೆಯಲ್ಲಿ 'ಅಡಿಗೆಮನೆ ಪುಸ್ತಕ' ಎಂದು ಹೆಸರು. ಅದರಲ್ಲಿ ಮೊದಲು ಉಪ್ಪಿನಕಾಯಿ ಹಾಕುವ ಬಗೆ, ಆಮೇಲೆ ತೆಲುಗಿನ ಮದುವೆ ಹಾಡು, ಕೊನೆಗೆ ಪ್ಲೇಗು ಬಂದಾಗ ಜನ ಏನು ಮಾಡಬೇಕೆಂದು ತಿಳಿಸುವ ಸರ್ಕಾರದ ಕಿರುಪುಸ್ತಕ. ಹಿಂದೊಂದು ಪ್ಲೇಗಿನಲ್ಲಿ ಅದನ್ನು ಬೀದಿಬೀದಿಗೆ ಹಂಚಿದ್ದರಂತೆ. ಊರವರು ಅದರಲ್ಲಿ ಹೊಗೆಸೊಪ್ಪು ಕಟ್ಟಿಕೊಂಡರು, ಮಾವನವರು ಹೊಲಿದಿಟ್ಟರು. ನಾನು ಕನ್ನಡ ಓದಲು ಕಲಿತದ್ದು ಆ ಪುಸ್ತಕದಿಂದಲೇ. ತೆಲುಗು ಅಕ್ಷರ ಬರುತ್ತಿತ್ತಲ್ಲ, ಕನ್ನಡದವು ಅದೇ ಮನೆಯ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದವು. ಮುಖ ಗುರುತು ಹಿಡಿದು ಹೆಸರು ಕರೆಯುವುದಷ್ಟೇ ಬಾಕಿ. ಮದುವೆ ಹಾಡು ಓದಿ ಮುಗಿಸಿ, ಉಪ್ಪಿನಕಾಯಿ ಮುಗಿಸಿ, ಬೇರೆ ಗತಿಯಿಲ್ಲದೆ ಪ್ಲೇಗಿಗೆ ಬಂದೆ. ಹೆದರಿಕೆಯಾಯಿತು. ಹೆದರಿಕೆಯಾದದ್ದಕ್ಕೇ ಮೂರು ಸಲ ಓದಿದೆ.

ಒಂದು ಮಧ್ಯಾಹ್ನ ಬೇಳೆಗೆ ಎಣ್ಣೆ ಹಚ್ಚುತ್ತ ಕೂತಿದ್ದೆ. ಪಕ್ಕದಲ್ಲೇ ಬಿಚ್ಚಿಟ್ಟಿದ್ದ ಅಡಿಗೆಮನೆ ಪುಸ್ತಕದೊಳಗಿಂದ ಬೆಳ್ಳಗೆ ಮಿರುಗುವ ಒಂದು ಹುಳು ಸರ್ರನೆ ಓಡಿತು. ನೋಡಿದರೆ ಅಂಚು ಆಗಲೇ ತೂತಾಗಿತ್ತು. ಹಳೆಯ ಅಂಟಿನ ಮೈಲುತುತ್ತ ಸತ್ವ ಕಳೆದುಕೊಂಡಿತ್ತೇನೋ. ಕೈಯಲ್ಲಿ ಎಣ್ಣೆ ಇತ್ತು. ಬೇಳೆಯನ್ನು ಕಾಯುವ ಎಣ್ಣೆ ಪುಸ್ತಕವನ್ನು ಕಾಯದೆ ಇರುತ್ತದೆಯೇ? ಎರಡು ಬೆರಳಿನಿಂದ ಒಂದೊಂದೇ ಹಾಳೆಗೆ, ಮಗುವಿನ ನೆತ್ತಿಗೆ ಹಚ್ಚುವ ಹಾಗೆ, ಭಕ್ತಿಯಿಂದ ಹಚ್ಚಿದೆ. ಒಂದು ಹಾಳೆಯನ್ನೂ ಬಿಡಲಿಲ್ಲ. ಕೈ ಒರೆಸಿಕೊಂಡು ಹಿಂದಿರುಗಿ ನೋಡಿದರೆ ಹಾಳೆಗಳೆಲ್ಲ ಗಾಜಾಗಿದ್ದವು. ಒಂದು ಹಾಳೆಯ ಅಕ್ಷರದ ಮೇಲೆ ಅದರ ಬೆನ್ನಿನ ಅಕ್ಷರ, ಅದರ ಮೇಲೆ ಮುಂದಿನ ಹಾಳೆಯದು, ಅದರಾಚೆಯದು, ಎಲ್ಲ ಒಂದರೊಳಗೊಂದು ಹೆಣೆದುಕೊಂಡು ಒಂದು ಪದವೂ ಓದುವಂತಿರಲಿಲ್ಲ.

ಏನು ಮಾಡಲಿ? ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಅದೇ ಬೇಳೆಯ ಗಡಿಗೆಯಲ್ಲಿ ಹೂತುಬಿಟ್ಟೆ. ಎಣ್ಣೆ ವಾಸನೆ ಎಣ್ಣೆ ವಾಸನೆಯ ಜೊತೆ ಇದ್ದರೆ ಯಾರಿಗೂ ತಿಳಿಯದು ಎನ್ನುವಷ್ಟು ಬುದ್ಧಿ ಮಾತ್ರ ಇತ್ತು. ನಾಲ್ಕು ದಿನದ ಮೇಲೆ ಮಾವನವರು ಕೇಳಿದರು, "ಅಡಿಗೆಮನೆ ಪುಸ್ತಕ ಎಲ್ಲಮ್ಮ ರತ್ನ?" ನಾನು ಒಲೆ ಊದುತ್ತಲೇ "ಗೊತ್ತಿಲ್ಲ ಮಾವ" ಎಂದೆ. ಆ ಮನೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಹೊಗೆಯಿಂದ ಕಣ್ಣಲ್ಲಿ ನೀರು ಬಂತೆಂದು ಅವರು ತಿಳಿದಿರಬೇಕು.

ಇದಾಗಿ ತಿಂಗಳಾಗಿರಬಹುದು, ನಮ್ಮ ಬೀದಿಯಲ್ಲಿ ಇಲಿ ಬಿತ್ತು. ಆ ಕಾಲದವರಿಗೆ ಇಷ್ಟು ಹೇಳಿದರೆ ಸಾಕಿತ್ತು. ಈಗಿನವರಿಗೆ ಬಿಡಿಸಿ ಹೇಳಬೇಕು: ಮನೆಯಲ್ಲಿ ಇಲಿ ತಾನಾಗಿ ಸತ್ತು ಬಿದ್ದರೆ ಪ್ಲೇಗು ಬಂದ ಹಾಗೆ. ಕೂಡಲೇ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳಬೇಕು, ಸೂಜಿ ಹಾಕಿಸಿಕೊಳ್ಳಬೇಕು. ಎರಡನೇ ದಿನ ನಮ್ಮ ಅಟ್ಟದಿಂದಲೇ ಒಂದು ಬಿತ್ತು. ಕುದಿಸಿದ ಬಟ್ಟೆ, ತೊಳೆದ ಪಾತ್ರೆ, ಬಾಯಿ ಬಿಗಿದಿದ್ದ ಕಾಳಿನ ಗಡಿಗೆಗಳು, ಇಷ್ಟನ್ನು ಮಾತ್ರ ಪ್ಲೇಗು ಕೆಲಸದವರು ಹೊರಗೆ ಒಯ್ಯಲು ಬಿಟ್ಟರು. ಪುಸ್ತಕಗಳೆಲ್ಲ ಒಳಗೇ ಉಳಿದವು. ಹೊಲದಾಚೆಯ ಹಾಸುಬಂಡೆಯ ಪಕ್ಕದಲ್ಲಿ ನಮ್ಮ ಗುಡಿಸಲು. ಮಾವನವರು ಬಾಗಿಲ ಬಳಿ ಊರಿನ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಓದಲು ಏನೂ ಇಲ್ಲದೆ ಅವರನ್ನು ನೋಡಿದ್ದು ನಾನು ಅದೇ ಮೊದಲು. ಬೆಲ್ಲ ಕಟ್ಟಿ ತಂದ ಕಾಗದದ ಚೂರನ್ನು ನಾಲ್ಕು ಸಲ ಓದಿದರು.

ಮೂರನೇ ದಿನ ಪ್ಲೇಗಿನ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದರು. ಊರಿಗೆ ಹೊಸಬರು, ಕೆಟ್ಟವರೇನಲ್ಲ, ಬಹಳ ದಣಿದಿದ್ದರು. ಕೈಯಲ್ಲಿ ಒಂದು ನೋಟೀಸು ಇತ್ತು.

"ಮೇಷ್ಟ್ರೇ, ನಿಮ್ಮ ಮನೇಲಿರೋ ಕಾಗದ ಎಲ್ಲಾ ಸುಡಬೇಕು. ನಾಳೆ ಬೆಳಿಗ್ಗೆ ಆಳು ಕಳಿಸ್ತೀನಿ," ಎಂದರು.

ಮಾವನವರು ಎದ್ದು ನಿಂತರು. "ಸುಡೋದು ಬೇಕಾಗಿಲ್ಲ ಸ್ವಾಮಿ. ರೋಗ ಕಾಗದದಲ್ಲಿಲ್ಲ, ಇಲಿ ಮೈಮೇಲಿನ ಚಿಗಟದಲ್ಲಿದೆ. ಚಿಗಟ ಬಿಸಿಲು ತಡಿಯೋದಿಲ್ಲ. ಮೂರು ದಿನ ಬಂಡೆ ಮೇಲೆ ಬಿಚ್ಚಿ ಹರವಿದ್ರೆ ಸಾಕು. ಸರ್ಕಾರದೋರೇ ಅಚ್ಚು ಹಾಕಿ ಹಂಚಿದ ಪುಸ್ತಕದಲ್ಲಿದೆ."

"ಬಾಯಿ ಮಾತಲ್ಲಿ ಹೇಳಿದ್ರೆ ನಾನೇನ್ ಬರ್ಕೊಳ್ಳಲಿ? ಅಚ್ಚಾಗಿರೋದು ತೋರಿಸಿ, ಬಿಟ್ಟುಬಿಡ್ತೀನಿ."

ಮಾವನವರ ಧ್ವನಿ ಇಳಿಯಿತು. "ಅದನ್ನ ಅಡಿಗೆಮನೆ ಪುಸ್ತಕದಲ್ಲಿ ಹೊಲಿದಿದ್ದೆ. ಒಂದು ತಿಂಗಳಿಂದ ಕಾಣಿಸ್ತಿಲ್ಲ."

ಸುತ್ತ ಸೇರಿದ್ದ ಗುಡಿಸಲಿನವರಲ್ಲಿ ಯಾರೋ ಕಿಸಕ್ಕೆಂದರು. ಮಾವನವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಾನು ತಟ್ಟಿಯ ಹಿಂದೆ ನಿಂತು ನೋಡುತ್ತಿದ್ದೆ. ಗಡಿಗೆ ನನ್ನ ಕಾಲ ಬಳಿಯೇ ಇತ್ತು. ಬಾಯಿ ಬಿಟ್ಟರೆ ಕಳ್ಳಿ, ಸುಳ್ಳಿ, ಪುಸ್ತಕ ಕೆಡಿಸಿದವಳು ಎಂದು ಊರೆಲ್ಲರೆದುರು ತಿಳಿಯುತ್ತದೆ. ಬಿಡದಿದ್ದರೆ ನಾಳೆ ಬೆಳಿಗ್ಗೆ ಆನೆ, ಜೇನು, ದೀಪಸ್ತಂಭ, ಇನ್ನೂ ಕಲಿಯಬೇಕಾಗಿದ್ದ ಉರ್ದು, ಎಲ್ಲ ಬೂದಿ.

ಮೊಣಕೈವರೆಗೆ ಬೇಳೆಯೊಳಗೆ ಕೈ ಹಾಕಿದೆ. ತಲೆಯ ಮೇಲೆ ಸೆರಗೆಳೆದುಕೊಂಡು ಹೊರಗೆ ಬಂದು ಗಂಟನ್ನು ಮಾವನವರ ಮುಂದೆ ಹಿಡಿದೆ. ಬಿಚ್ಚುವಾಗ ನಾಲ್ಕು ಬೇಳೆಕಾಳು ನೆಲಕ್ಕೆ ಬಿದ್ದವು. ಅವರು ಹಾಳೆ ಬಿಡಿಸಿ ನೋಡಿದರು, ಮೂಸಿ ನೋಡಿದರು.

"ಇದಕ್ಕೇನಾಯ್ತಮ್ಮ?"

"ಹುಳ ಹತ್ತದೇ ಇರ್ಲಿ ಅಂತ ಹರಳೆಣ್ಣೆ ಹಚ್ಚಿದೆ ಮಾವ. ಬೇಳೆಗೆ ಹಚ್ತೀವಲ್ಲ, ಹಾಗೆ."

"ಅಯ್ಯೋ ದೇವುಡಾ!" ಎಂದು ಪಕ್ಕದ ಗುಡಿಸಲಿನ ಮುನಿಯಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅತ್ತೆ ಹಣೆ ಚಚ್ಚಿಕೊಂಡರು. ಇನ್ಸ್‌ಪೆಕ್ಟರು ಪುಸ್ತಕವನ್ನು ಸೂರ್ಯನಿಗೆ ಹಿಡಿದರು, ನೆರಳಿಗೆ ಹಿಡಿದರು. "ಏನ್ರೀ ಇದು, ಉಲ್ಟಾ ಸೀದಾ ಎಲ್ಲಾ ಒಂದ್ರ ಮೇಲೊಂದು! ಇದನ್ನ ಯಾರು ಓದ್ತಾರೆ?"

ಮಾವನವರು ಇನ್ಸ್‌ಪೆಕ್ಟರ ಕೈಯಲ್ಲಿದ್ದ ನೋಟೀಸನ್ನು ಮೆಲ್ಲಗೆ ತೆಗೆದುಕೊಂಡರು. ಅದರ ಬೆನ್ನು ಬಿಳಿಯಾಗಿ ಖಾಲಿ ಇತ್ತು. ಬಿಳಿ ಮೈ ಮೇಲಾಗಿ ಅದನ್ನು ಬೇಕಾದ ಹಾಳೆಯ ಕೆಳಗೆ ಸರಿಸಿದರು. ಆಚೆಯ ಹಾಳೆಗಳೆಲ್ಲ ಮರೆಯಾಗಿ ಆ ಹಾಳೆಯೊಂದೇ ಉಳಿಯಿತು. ಬೆನ್ನಿನ ಅಕ್ಷರದ ನೆರಳು ಇತ್ತು, ಆದರೂ ಸಾಲು ಹಿಡಿಯಬಹುದಾಗಿತ್ತು.

"ನೀನು ಓದಿದ್ದೀಯೇನಮ್ಮ ಇದನ್ನ?"

"ಮೂರು ಸಲ, ಮಾವ."

"ಹಾಗಾದ್ರೆ ನೀನೇ ಓದು. ನನ್ನ ಕಣ್ಣಿಗೆ ಈ ನೆರಳು ತಿಳಿಯೋದಿಲ್ಲ."

ಮಾವನವರ ಮುಂದೆ ನಾಲ್ಕು ಮಾತಿಗಿಂತ ಹೆಚ್ಚು ಆಡದವಳು, ಅಂದು ಖಾಕಿ ಚಡ್ಡಿಯ ಅಧಿಕಾರಿಯ ಮುಂದೆ, ಹತ್ತಿಪ್ಪತ್ತು ಗುಡಿಸಲಿನವರ ಮುಂದೆ, ತೆಲುಗಿನ ರಾಗದಲ್ಲಿ, ತಡವರಿಸುತ್ತ ಓದಿದೆ. ತೊಳೆಯಲಾಗದ, ಕುದಿಸಲಾಗದ ಸಾಮಾನುಗಳನ್ನು ಚೆನ್ನಾಗಿ ಬಿಡಿಸಿ, ಸುಡುವ ಬಿಸಿಲಿನಲ್ಲಿ ಮೂರು ದಿನ ಹರವಿದರೆ ಸಾಕು ಎಂಬ ಮಾತು ಇತ್ತು. 'ಹಾಸಿಗೆ, ಕಂಬಳಿ' ಆದ ಮೇಲೆ 'ಕಾಗದ' ಎನ್ನುವ ಪದ ಬಂದಾಗ ಅದನ್ನು ಎರಡು ಸಲ ಓದಿದೆ. ಮಾವನವರು ಪಕ್ಕದಲ್ಲಿ ನಿಂತು ಬಾಯಿಪಾಠವಾಗಿದ್ದ ಅದೇ ಸಾಲನ್ನು ತುಟಿಯಲ್ಲೇ ನನ್ನ ಜೊತೆ ಹೇಳುತ್ತಿದ್ದರು.

ಇನ್ಸ್‌ಪೆಕ್ಟರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಆಯ್ತು, ಮೂರು ದಿನ. ಒಂದು ಹಾಳೆನೂ ಮುಚ್ಚಿರಬಾರದು." ನೋಟೀಸು ವಾಪಸು ಕೇಳಿದರು. ಅದರ ತುಂಬ ಎಣ್ಣೆಯ ಕಲೆ. "ಇದನ್ನ ಆಫೀಸಿಗೆ ಹೇಗ್ರೀ ಕೊಡಲಿ? ನೀವೇ ಇಟ್ಕೊಳ್ಳಿ," ಎಂದು ಸೈಕಲ್ಲು ಹತ್ತಿದರು.

ಮರುದಿನ ನಾನು ಕಂಡದ್ದನ್ನು ಹೇಗೆ ಹೇಳಲಿ? ಆ ಹಾಸುಬಂಡೆಯ ಮೇಲೆ ಊರಿನ ಹೆಂಗಸರಿಗೆಲ್ಲ ತಮ್ಮತಮ್ಮ ಜಾಗ ಇತ್ತು. ರಾಗಿ ಒಣಗಿಸುವ ಜಾಗ, ಸಂಡಿಗೆಯ ಜಾಗ, ಹುಣಸೆಹಣ್ಣಿನ ಜಾಗ. ಒಬ್ಬರದ್ದಕ್ಕೆ ಇನ್ನೊಬ್ಬರು ಒಂದು ಗೇಣು ಬಂದರೂ ಜಗಳ. ಅಂದು ಮುನಿಯಮ್ಮನೇ ಮೊದಲು ತನ್ನ ಜಾಗ ಗುಡಿಸಿದಳು. "ಹಾಕಿ ಸಾಮಿ, ಪ್ಲೇಗಲ್ಲಿ ಯಾರು ಸಂಡಿಗೆ ಇಡ್ತಾರೆ? ನಮ್ಮ ಬಂಡೆ ಮೇಲೆ ನಿಮ್ಮ ಸರಸ್ವತಿ ಒಣಗ್ಲಿ ಬಿಡಿ." ಅವಳ ಹಿಂದೆ ಉಳಿದವರು. ಸೂಜಿ ಹಾಕಿಸಿಕೊಂಡ ಆಳುಗಳು ಮಂಕರಿಗಳಲ್ಲಿ ಹೊತ್ತುತಂದು ಸುರಿದರು. ಮನೆಯ ಮೂಲೆಮೂಲೆಗಳಲ್ಲಿ ಅಡಗಿದ್ದ ಅಷ್ಟೂ ಪುಸ್ತಕವನ್ನು ಒಟ್ಟಿಗೆ ಯಾರೂ ಕಂಡಿರಲಿಲ್ಲ. ಮಾವನವರೂ ಕಂಡಿರಲಿಲ್ಲ. ಬಿಚ್ಚಿ ಹರವುತ್ತ ಹರವುತ್ತ ಬಂಡೆ ಮುಗಿಯಿತು, ಪುಸ್ತಕ ಮುಗಿಯಲಿಲ್ಲ. ಪಕ್ಕದ ಬಂಡೆಗೂ ಹೋದೆವು. ಗಾಳಿ ಬಂದಾಗ ಸಾವಿರಾರು ಹಾಳೆಗಳು ಒಮ್ಮೆಲೇ ಮಗುಚಿಕೊಂಡವು. ಈ ಮನುಷ್ಯ ಇದೆಲ್ಲದರೊಳಗೆ ಹೋಗಿ ಬಂದಿದ್ದಾರೆ, ಆದರೂ ನಮ್ಮ ಮನೆಯಲ್ಲಿ ಕೂತು ನಾನು ಮಾಡಿದ ಉಪ್ಪಿಲ್ಲದ ಸಾರನ್ನು ಮಾತಿಲ್ಲದೆ ಉಂಡು ಏಳುತ್ತಾರೆ ಎಂದು ಅನ್ನಿಸಿ, ಯಾಕೋ ಕೈ ಮುಗಿಯಬೇಕೆನಿಸಿತು.

ಹೆಂಗಸರು ಹಪ್ಪಳ ಕಾಯುವ ಹಾಗೆ ಕೋಲು ಹಿಡಿದು ಕೂತರು. ಕಾಗೆ ಬಂದರೆ ಓಡಿಸಿದರು. ಬಿಸಿಲು ನೆತ್ತಿಗೆ ಬಂದಾಗ ಎದ್ದು ಒಂದೊಂದನ್ನೂ ಮಗುಚಿ ಹಾಕಿದರು. ಮಾವನವರೂ ಮಗುಚಲು ಹೋದರು, ಆದರೆ ಎತ್ತಿದ ಪುಸ್ತಕವನ್ನು ಅಲ್ಲೇ ಓದುತ್ತ ನಿಂತುಬಿಡುತ್ತಿದ್ದರು. ಬರಿಗಾಲು, ಸುಡುವ ಬಂಡೆ. ಒಂದು ಕಾಲು ಬದಲಿಸಿ ಇನ್ನೊಂದು ಕಾಲು, ಕಣ್ಣು ಮಾತ್ರ ಸಾಲಿನ ಮೇಲೆ. "ನಿಮ್ಮ ಮಾವ ಏನಮ್ಮಾಯಿ, ಕುಣೀತಾ ಓದ್ತಾರೆ!" ಎಂದು ಮುನಿಯಮ್ಮ ನಕ್ಕಳು. ಅತ್ತೆ ಬಂದು ಬೈಯುತ್ತಲೇ ಅವರ ಮುಂದೆ ಚಪ್ಪಲಿ ಇಟ್ಟು ಹೋದರು.

ಮೂರು ದಿನವಾಯಿತು, ಪುಸ್ತಕಗಳು ಉಳಿದವು. ಪ್ಲೇಗು ಕಳೆದು ನಾವು ಮನೆಗೆ ಮರಳಿದ ಮೇಲೂ ಮಾವನವರು ಎಣ್ಣೆಯ ಮಾತೆತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆದರೆ ಪ್ರತಿ ಭಾನುವಾರ ಜಗುಲಿಯ ಮೇಲೆ ಕೂತು ಏನನ್ನೋ ಕತ್ತರಿಸುತ್ತಿದ್ದರು. ಯುದ್ಧದಲ್ಲಿ ಬಿಳಿ ಕಾಗದ ಎಲ್ಲಿ ಸಿಗಬೇಕು? ಲಗ್ನಪತ್ರಿಕೆಗಳ ಬೆನ್ನು, ಅಂಚೆಯಲ್ಲಿ ಬಂದ ಕಾಗದಗಳಲ್ಲಿ ಬರೆಯದೆ ಉಳಿದ ಅರ್ಧ ಹಾಳೆ, ಯಾವ್ಯಾವುದೋ ಖಾಲಿ ತುಂಡುಗಳು. ಒಂದು ದಿನ ನನ್ನನ್ನು ಕರೆದು ಅಡಿಗೆಮನೆ ಪುಸ್ತಕವನ್ನು ಕೈಗಿಟ್ಟರು. ಅದು ಎರಡರಷ್ಟು ದಪ್ಪವಾಗಿತ್ತು. ಹೊಲಿಗೆ ಬಿಚ್ಚಿ, ಎಣ್ಣೆ ಹೀರಲು ರಾಗಿಹಿಟ್ಟು ಉದುರಿಸಿ ಒರೆಸಿ, ಪ್ರತಿ ಎರಡು ಹಾಳೆಯ ನಡುವೆ ಒಂದೊಂದು ಬಿಳಿ ಹಾಳೆ ಇಟ್ಟು ಮತ್ತೆ ಹೊಲಿದಿದ್ದರು. ಈಗ ಒಂದೊಂದು ಪುಟವೂ ಓದುವಂತಾಗಿತ್ತು. ಎಲ್ಲಕ್ಕಿಂತ ಮೊದಲ ಬಿಳಿ ಹಾಳೆ ಇನ್ಸ್‌ಪೆಕ್ಟರು ಬಿಟ್ಟುಹೋದ, ಕಾಗದ ಸುಡಬೇಕೆಂಬ ನೋಟೀಸು, ಅದರ ಖಾಲಿ ಬೆನ್ನು ಮೇಲಾಗಿ.

"ಅಚ್ಚಾಗಿರೋದು ಅವರದು. ಖಾಲಿ ಇರೋದು ನಿನ್ನದು," ಎಂದರು.

"ನಾನೇನು ಬರೀಲಿ ಮಾವ?"

"ನಂಗೇನು ಗೊತ್ತಮ್ಮ? ನಾನು ಅದನ್ನ ಇನ್ನೂ ಓದಿಲ್ಲ."

ಇಷ್ಟು ಓದಿದ ಮನುಷ್ಯ ನನ್ನ ಕೈಯಲ್ಲಿ ಬರಲಿರುವ ಸಾಲೊಂದಕ್ಕೆ ಹೀಗೆ ಕಾದು ನಿಂತಿದ್ದರು. ಆ ಪುಸ್ತಕ ಈಗ ನನ್ನ ಮುಂದಿದೆ. ಬೇಳೆಯಲ್ಲಿ ಸಿಗದ ವಾಸನೆ ಇದರಲ್ಲಿ ಇನ್ನೂ ಇದೆ. ನೋಟೀಸಿನ ಬೆನ್ನಿನಲ್ಲಿ, ಎಣ್ಣೆಯ ಕಲೆಗೆ ಶಾಯಿ ನಿಲ್ಲದೆ ಅಲ್ಲಲ್ಲಿ ಒಡೆದುಹೋದ ನನ್ನ ಮೊದಲ ಸಾಲು, ಅರ್ಧ ತೆಲುಗಿನ ದುಂಡು ಅಕ್ಷರದಲ್ಲಿ, ಹಾಗೇ ಇದೆ: "ಇವತ್ತು ಬೇಳೆಗೆ ಹರಳೆಣ್ಣೆ ಹಚ್ಚಿದೆ. ಪುಸ್ತಕಕ್ಕೆ ಹಚ್ಚಲಿಲ್ಲ."